ಕೇಪಿನ ಕೋವಿಗೆ ಸಾಮಾನು ಕೊಳ್ಳುವವರು ಮೊದಲು ಗಜ ನೋಡಿ

ಹೋದ ವರ್ಷ ಏಪ್ರಿಲ್‌ನಲ್ಲಿ ನಾನು ಕೊಂಡ ಪೆಟ್ಟಿಗೆಯಲ್ಲಿ ಹನ್ನೊಂದು ಸಾಮಾನುಗಳಿದ್ದವು. ನಳಿಗೆಯ ಬಾಯಿಯಿಂದ ಮದ್ದು ತುಂಬುವ ರೈಫಲ್‌ಗೆ ಬೇಕಾದದ್ದೆಲ್ಲ ಇದರಲ್ಲಿದೆ ಎಂದು ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಒಂದೂವರೆ ವರ್ಷದ ನಂತರ ಅವುಗಳಲ್ಲಿ ನಾಲ್ಕು ಮಾತ್ರ ನನ್ನ ಚೀಲದಲ್ಲಿ ಉಳಿದಿವೆ. ಏಳನ್ನು ಒಂದೊಂದಾಗಿ ಬದಲಾಯಿಸಿದೆ. ಅವುಗಳಲ್ಲಿ ಒಂದರಿಂದ ನಳಿಗೆಯೇ ಹಾಳಾಗುವುದರಲ್ಲಿತ್ತು. ಅಮೆರಿಕದಲ್ಲಿರುವ ನಮ್ಮ ಕಡೆಯ ಇಬ್ಬರು ಮೂವರು ಈಚೆಗೆ ಇದೇ ಬಗೆಯ ಕೋವಿ ಕೊಂಡು, ಜೊತೆಗೆ ಏನೇನು ತೆಗೆದುಕೊಳ್ಳಬೇಕು ಎಂದು ಕೇಳಿದ್ದಾರೆ. ಫೋನಿನಲ್ಲಿ ಹೇಳಿದ್ದು ಪ್ರತಿ ಸಲವೂ ಅರ್ಧಕ್ಕೇ ನಿಲ್ಲುತ್ತದೆ, ಆದ್ದರಿಂದ ಕೂತು ಬರೆಯುತ್ತಿದ್ದೇನೆ.

ನಾನು ವಿರಾಜಪೇಟೆ ಕಡೆಯವಳು. ಓಹಾಯೊ ರಾಜ್ಯದ ಡೇಟನ್ ಬಳಿ ಯಂತ್ರದ ಬಿಡಿಭಾಗಗಳನ್ನು ಮಾಡುವ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಅಳತೆ ಪರಿಶೀಲಿಸುವ ಕೆಲಸ ಮಾಡುತ್ತಿದ್ದೇನೆ. ದಿನವಿಡೀ ವರ್ನಿಯರ್, ಮೈಕ್ರೋಮೀಟರ್ ಹಿಡಿಯುವ ಕೈ ನನ್ನದು. ಅಜ್ಜನ ಮನೆಯಲ್ಲಿ ಒಂಟಿ ನಳಿಗೆಯ ಕೇಪಿನ ಕೋವಿ, ಅಂದರೆ ಪುಟ್ಟ ಲೋಹದ ಕೇಪು ಸಿಡಿಸಿ ಮದ್ದು ಹೊತ್ತಿಸುವಂಥದ್ದು, ಇತ್ತು, ಈಗಲೂ ಇದೆ. ಕೊಡವರು ಆಯುಧ ಪೂಜಿಸುವ ಸೆಪ್ಟೆಂಬರ್ 3ರ ಕೈಲ್‌ಪೋಳ್ದ್ ಹಬ್ಬಕ್ಕೆ ಅದನ್ನು ದೇವರ ಕೋಣೆಯಾದ ಕನ್ನಿ ಕೋಂಬರೆಯಲ್ಲಿಟ್ಟು ತೋಕ್ ಪೂ (ಕೋವಿ ಹೂ) ಮುಡಿಸಿ ಪೂಜೆ ಮಾಡುವ ಮುಂಚೆ, ಹಿಂದಿನ ಸಂಜೆ ಅಜ್ಜ ಅದನ್ನು ತೊಳೆದು ಒರೆಸುತ್ತಿದ್ದರು. ಹಂಡೆಯ ಬಿಸಿನೀರು, ಹಳೆಯ ಪಂಚೆಯ ತುಂಡು, ಕೊನೆಗೆ ತೆಂಗಿನೆಣ್ಣೆ. ಎಲ್ಲಕ್ಕಿಂತ ಮೊದಲು ಗಜವನ್ನು, ಅಂದರೆ ಗುಂಡು ನೂಕಲೂ ನಳಿಗೆ ಒರೆಸಲೂ ಬಳಸುವ ಉದ್ದ ಕೋಲನ್ನು, ನಳಿಗೆಯೊಳಗೆ ಬಿಟ್ಟು ಕಿವಿಗೊಡುತ್ತಿದ್ದರು. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು ಬಂದರೆ ಖಾಲಿ. ಮೊಂಡು ಸದ್ದು ಬಂದರೆ ಒಳಗೆ ಏನೋ ಇದೆ ಎಂದರ್ಥ. ಸದ್ದು ಖಾಲಿಯದೇ ಎಂದು ಖಚಿತವಾಗುವವರೆಗೆ ಮಕ್ಕಳು ಅಂಗಳಕ್ಕೆ ಇಳಿಯುವಂತಿರಲಿಲ್ಲ.

ನನ್ನದು ಥಾಂಪ್ಸನ್ ಸೆಂಟರ್ ಕಂಪನಿಯ ಹಾಕನ್. 1970ರಲ್ಲಿ ಮೊದಲು ಮಾರುಕಟ್ಟೆಗೆ ಬಂದು ಈ ದೇಶದಲ್ಲಿ ಮನೆಮಾತಾದ ಮಾದರಿ. ನಿವೃತ್ತರಾದ ಸಹೋದ್ಯೋಗಿಯೊಬ್ಬರಿಂದ ಕೊಂಡೆ. 50 ಕ್ಯಾಲಿಬರ್, ಅಂದರೆ ಒಳವ್ಯಾಸ ಅರ್ಧ ಇಂಚು, 12.7 ಮಿಲಿಮೀಟರ್. ನಳಿಗೆಯ ಉದ್ದ 28 ಇಂಚು. ಕೇಪು ಇಟ್ಟು ಕುದುರೆ ಎಳೆದು ಹಾರಿಸುವುದು, ಅಜ್ಜನದರ ಹಾಗೆಯೇ. ಅಜ್ಜನದು ಒಳಗೆ ನುಣುಪಾದ, ಚರೆ ಹಾರಿಸುವ ಕೋವಿ. ಇದರ ಒಳಗೆ ಸುರುಳಿ ಗೀರುಗಳಿವೆ. ಆ ಗೀರುಗಳಿಂದಾಗಿಯೇ ಸಾಮಾನುಗಳ ಆಯ್ಕೆ ಸೂಕ್ಷ್ಮವಾಗುತ್ತದೆ. ನಾನು ಬೇಟೆಗೆ ಹೋಗುವವಳಲ್ಲ. ತಿಂಗಳಿಗೆ ಎರಡು ಶನಿವಾರ ಕ್ಲಬ್ಬಿನ ಮೈದಾನದಲ್ಲಿ 50 ಯಾರ್ಡ್ ದೂರದ ಕಾಗದಕ್ಕೆ ಗುರಿ ಇಡುತ್ತೇನೆ, ಅಷ್ಟೇ.

ಪೆಟ್ಟಿಗೆಯಲ್ಲಿ ಮೊದಲು ಕೈಕೊಟ್ಟದ್ದು ಗಜ. ಫೈಬರ್‌ಗ್ಲಾಸಿನ ಕೋಲು, ಎರಡು ತುದಿಗೂ ಹಿತ್ತಾಳೆಯ ಟೊಪ್ಪಿ. ಆ ಟೊಪ್ಪಿಯಲ್ಲಿರುವ ಮರೆಗೆ, ಅಂದರೆ ಸ್ಕ್ರೂ ಕೂರುವ ಸುರುಳಿಗೆ, ಜ್ಯಾಗ್ ಎಂಬ ಹಿತ್ತಾಳೆಯ ಉರುಳೆಯನ್ನು ತಿರುಗಿಸಿ ಕೂರಿಸುತ್ತೇವೆ. ಜ್ಯಾಗ್‌ಗೆ ಉದ್ದಕ್ಕೂ ಉಂಗುರದಂಥ ಕಚ್ಚುಗಳಿರುತ್ತವೆ, ಒರೆಸುವ ಬಟ್ಟೆ ಹಿಂದೆ ಎಳೆಯುವಾಗ ಆ ಕಚ್ಚುಗಳಿಗೆ ಸಿಕ್ಕಿಕೊಂಡು ಬರಬೇಕು. ಮೂರನೆಯ ಶನಿವಾರ, ಹದಿನೈದು ಗುಂಡು ಹಾರಿಸಿದ ಮೇಲೆ ಒದ್ದೆ ಬಟ್ಟೆ ಹಾಕಿ ತಳದವರೆಗೆ ನೂಕಿದೆ. ಹಿಂದೆ ಎಳೆದಾಗ ಬರಲಿಲ್ಲ. ಬಲವಾಗಿ ಎಳೆದೆ. ಕೋಲು ಹಗುರವಾಗಿ ಕೈಗೆ ಬಂತು, ಟೊಪ್ಪಿ ಬರಲಿಲ್ಲ. ಟೊಪ್ಪಿ, ಜ್ಯಾಗ್, ಬಟ್ಟೆ ಮೂರೂ ನಳಿಗೆಯ ತಳದಲ್ಲಿ ಕೂತುಬಿಟ್ಟಿದ್ದವು. ಕೋಲಿನ ತುದಿಯಲ್ಲಿ ಒಣಗಿದ ಅಂಟಿನ ಒಂದು ತೆಳು ಪದರ ಬಿಟ್ಟರೆ ಬೇರೇನೂ ಕಾಣಲಿಲ್ಲ. 28 ಇಂಚು ಆಳದಿಂದ ಒಂದು ಬಿಗಿದ ಬಟ್ಟೆಯನ್ನು ಎಳೆದು ತರಬೇಕಾದ ಸಾಧನದ ತಲೆಯನ್ನು ಬರೀ ಅಂಟಿನಿಂದ ನಿಲ್ಲಿಸಿದ್ದರು. ನಮ್ಮ ಕಾರ್ಖಾನೆಯಲ್ಲಿ ಇಂಥದ್ದು ನನ್ನ ಮೇಜು ದಾಟಿ ಮುಂದೆ ಹೋಗುತ್ತಿರಲಿಲ್ಲ. ಅವತ್ತು ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಕ್ಲಬ್ಬಿನ ಹಿರಿಯರೊಬ್ಬರು ಅದನ್ನು ಹೊರಗೆ ತಂದ ಬಗೆ ಹೇಳಲೇಬೇಕು. ಒಳಗೆ ಮದ್ದಿಲ್ಲವೆಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು. ಕೇಪು ಕೂರಿಸುವ ನಿಪ್ಪಲ್ ಬಿಚ್ಚಿದರು. ಹಾಕನ್‌ನ ನಿಪ್ಪಲ್ ಮರೆಯ ಅಳತೆ ಕಾಲು ಇಂಚು, ಇಂಚಿಗೆ 28 ಸುತ್ತು. ಇಲ್ಲಿ ಕಾರು, ಟ್ರ್ಯಾಕ್ಟರ್‌ಗಳಿಗೆ ಗ್ರೀಸ್ ತುಂಬುವ ಸಣ್ಣ ಮೂತಿಯ ಒಂದು ಸಾಮಾನ್ಯ ಅಳತೆಯೂ ಅದೇ. ಆ ಮೂತಿಯನ್ನು ನಿಪ್ಪಲ್ ಜಾಗದಲ್ಲಿ ತಿರುಗಿಸಿ ಕೂರಿಸಿ, ಗ್ರೀಸ್ ಗನ್ ಹಚ್ಚಿ ನಿಧಾನವಾಗಿ ಒತ್ತುತ್ತ ಹೋದರು. ಗ್ರೀಸ್ ನಳಿಗೆಯ ತಳದಿಂದ ತುಂಬುತ್ತ, ಸಿಕ್ಕಿಕೊಂಡದ್ದನ್ನು ಇಂಚಿಂಚಾಗಿ ಮೇಲಕ್ಕೆ ತಳ್ಳಿತು. ಬಹಳ ಹೊತ್ತಿನ ಮೇಲೆ ಹಿತ್ತಾಳೆಯ ಟೊಪ್ಪಿ ನಳಿಗೆಯ ಬಾಯಲ್ಲಿ ಇಣುಕಿತು. ಆ ಗ್ರೀಸನ್ನೆಲ್ಲ ತೊಳೆಯಲು ನನಗೆ ಒಂದು ಸಂಜೆ ಪೂರ್ತಿ ಬೇಕಾಯಿತು. ನಳಿಗೆಗೆ ಒಂದು ಗೀರೂ ಬಿದ್ದಿರಲಿಲ್ಲ.

ಅದಕ್ಕೇ ಹೇಳುತ್ತೇನೆ: ಕೈಯಲ್ಲಿರುವ ಹಣದಲ್ಲಿ ಮೊದಲ ಪಾಲು ಗಜಕ್ಕೆ ಇಡಿ. ಕೋವಿಯ ಅಡಿಯಲ್ಲಿ ತೂರಿಸಿಟ್ಟುಕೊಳ್ಳುವ ಮರದ ಗಜ ಬೇರೆ, ಮೈದಾನದಲ್ಲಿ ದಿನವಿಡೀ ಬಳಸುವ ಗಜ ಬೇರೆ. ಎರಡನೆಯದಕ್ಕೆ ನಾನು ಸ್ಟೇನ್‌ಲೆಸ್ ಸ್ಟೀಲಿನದನ್ನು ಆರಿಸಿದೆ. ಇಂಡಿಯಾನಾ ರಾಜ್ಯದ ಫ್ರೆಂಡ್‌ಶಿಪ್ ಎಂಬ ಸಣ್ಣ ಊರಿನಲ್ಲಿ ರಾಷ್ಟ್ರೀಯ ಮಜಲ್ ಲೋಡಿಂಗ್ ರೈಫಲ್ ಸಂಘದ ಮೈದಾನವಿದೆ. 1933ರಲ್ಲಿ ಹುಟ್ಟಿದ ಸಂಘ ಅದು. ಸೆಪ್ಟೆಂಬರ್‌ನಲ್ಲಿ ಅಲ್ಲಿ ನಡೆಯುವ ಪಂದ್ಯಗಳ ಸಮಯಕ್ಕೆ ವ್ಯಾಪಾರಿಗಳೂ ಸೇರುತ್ತಾರೆ, ನಮ್ಮ ಸಂತೆಯ ಹಾಗೆ. ಹೋದ ವರ್ಷ ಅಲ್ಲಿಗೆ ಹೋಗಿ ಒಂದೊಂದೇ ಗಜವನ್ನು ಕೈಯಲ್ಲಿ ಹಿಡಿದು, ತುದಿ ತಿರುಗಿಸಿ, ಎಳೆದು ನೋಡಿ ಕೊಂಡೆ. ಮೂರು ವಿಷಯ ನೋಡಿದೆ. ತುದಿ ಕೋಲಿನ ಭಾಗವೇ ಆಗಿರಬೇಕು, ಇಲ್ಲವಾದರೆ ಅಡ್ಡಮೊಳೆ ಹಾಕಿರಬೇಕು. ಹಿಡಿ ಸರಾಗವಾಗಿ ಸುತ್ತಬೇಕು. ನನ್ನ ನಳಿಗೆಯ ಗೀರುಗಳು 48 ಇಂಚಿಗೆ ಒಂದು ಸುತ್ತು ಹಾಕುತ್ತವೆ, ಅಂದರೆ 28 ಇಂಚಿನಲ್ಲಿ ಅರ್ಧ ಸುತ್ತಿಗಿಂತ ತುಸು ಹೆಚ್ಚು. ಹಿಡಿ ಸುತ್ತದಿದ್ದರೆ ಬಟ್ಟೆ ಗೀರನ್ನು ಅನುಸರಿಸದೆ ಅಡ್ಡಲಾಗಿ ಉಜ್ಜುತ್ತದೆ, ಮೂಲೆಯ ಮಸಿ ಹಾಗೇ ಉಳಿಯುತ್ತದೆ. ಮೂರನೆಯದು, ನಳಿಗೆಯ ಬಾಯಿಗೆ ಕೂರುವ ಹಿತ್ತಾಳೆಯ ಬಳೆ. ಸ್ಟೀಲ್ ಗಜ ಪ್ರತಿ ಸಲ ಬಾಯಿಯ ಅಂಚಿಗೆ ಉಜ್ಜಿದರೆ ಅಲ್ಲಿಯ ಗೀರುಗಳು ಸವೆಯುತ್ತವೆ, ಗುಂಡು ಕೊನೆಯದಾಗಿ ಬಿಟ್ಟು ಹೊರಡುವ ಜಾಗವೇ ಅದು. ಬಳೆ ಇಲ್ಲದೆ ಸ್ಟೀಲ್ ಗಜ ಕೊಳ್ಳಬೇಡಿ. ಮೂರೂ ಸೇರಿ ಕೊಟ್ಟ ಬೆಲೆ ಇಡೀ ಪೆಟ್ಟಿಗೆಯ ಬೆಲೆಗಿಂತ ಹೆಚ್ಚಾಯಿತು, ಆ ಬಗ್ಗೆ ನನಗೆ ಬೇಸರವಿಲ್ಲ.

ತುದಿಯ ಮರೆ ಹೊಸಬರನ್ನು ಬಹಳ ಸತಾಯಿಸುತ್ತದೆ. ಹಾಕನ್‌ನಂಥ ರೈಫಲ್‌ಗಳ ಗಜಕ್ಕೆ ಸಾಮಾನ್ಯವಾಗಿ 10-32 ಅಳತೆಯ ಮರೆ ಇರುತ್ತದೆ. 10 ಎನ್ನುವುದು ಸ್ಕ್ರೂವಿನ ದಪ್ಪದ ಸಂಖ್ಯೆ, 32 ಇಂಚಿಗೆ ಎಷ್ಟು ಸುತ್ತು ಎನ್ನುವುದು. ಇಂಚಿಗೆ ಅಷ್ಟೇ ಸುತ್ತಿನ, ಆದರೆ ದಪ್ಪ ಕಡಿಮೆಯಿರುವ 8-32ರ ಬ್ರಷ್, ಜ್ಯಾಗ್‌ಗಳೂ ಅಂಗಡಿಯಲ್ಲಿ ಪಕ್ಕದಲ್ಲೇ ನೇತಾಡುತ್ತಿರುತ್ತವೆ. 8-32ರದು 10-32ರ ಟೊಪ್ಪಿಯೊಳಗೆ ಸಲೀಸಾಗಿ ಇಳಿಯುತ್ತದೆ, ಹಿಡಿಯುವುದಿಲ್ಲ, ಮತ್ತೆ ನಳಿಗೆಯೊಳಗೆ ಕಳಚಿಕೊಳ್ಳುತ್ತದೆ. ಕೊಳ್ಳುವಾಗ ಗಜವನ್ನು ಜೊತೆಗೆ ಒಯ್ಯಿರಿ. ಅಂಚೆಯಲ್ಲಿ ತರಿಸುವವರಿಗೆ ಟೆನೆಸಿಯ ಯೂನಿಯನ್ ಸಿಟಿಯಲ್ಲಿರುವ ಡಿಕ್ಸಿ ಗನ್ ವರ್ಕ್ಸ್‌ನ ಕ್ಯಾಟಲಾಗ್ ಹೇಳುತ್ತೇನೆ. 1954ರಿಂದ ಇದೇ ವ್ಯಾಪಾರ ಮಾಡುತ್ತಿರುವವರು, ಪುಸ್ತಕದಷ್ಟು ದಪ್ಪದ ಕ್ಯಾಟಲಾಗ್. ರಾತ್ರಿ ಊಟವಾದ ಮೇಲೆ ಅದನ್ನು ಬಿಡಿಸಿ ಕೂತು ಕಲಿತದ್ದು ನನಗೆ ಎಷ್ಟೋ ಇದೆ.

ಜ್ಯಾಗ್ ಕೂಡ ಅಳೆದೇ ಕೊಳ್ಳಿ. ಪೆಟ್ಟಿಗೆಯದು ಸಿಕ್ಕಿಕೊಂಡದ್ದಕ್ಕೆ ಅಂಟು ಅರ್ಧ ಕಾರಣವಾದರೆ, ಜ್ಯಾಗ್‌ನ ದಪ್ಪ ಇನ್ನರ್ಧ ಕಾರಣ. ನನ್ನ ಬಟ್ಟೆಯ ದಪ್ಪಕ್ಕೆ ಅದರಲ್ಲಿ ಎಡೆಯೇ ಇರಲಿಲ್ಲ. ಈಗಿನದು ತುಸು ಸಣ್ಣದು. ಬಟ್ಟೆ ಒಳಗೆ ಹೋಗುವಾಗ ಸುಲಭವಾಗಿ ಹೋಗಿ, ಹಿಂದೆ ಬರುವಾಗ ಕಚ್ಚುಗಳ ಮೇಲೆ ಮಡಚಿಕೊಂಡು ಬಿಗಿಯುತ್ತದೆ. ಜೊತೆಗೆ ಎರಡು ಸಣ್ಣ ಸಾಮಾನು ಇರಲೇಬೇಕು: ಒಳಗೆ ಉಳಿದ ಬಟ್ಟೆಯನ್ನು ಹಿಡಿದು ತರುವ ಸುರುಳಿ ಕೊಕ್ಕೆ, ಮದ್ದು ಹಾಕದೆ ಗುಂಡನ್ನು ಮಾತ್ರ ನೂಕಿಬಿಟ್ಟಾಗ ಸೀಸಕ್ಕೆ ಕೊರೆದು ಎಳೆಯುವ ಸ್ಕ್ರೂ. ಮದ್ದು ಮರೆಯುವುದು ಎಲ್ಲರಿಗೂ ಆಗುತ್ತದೆ, ನನಗೂ ಎರಡು ಸಲ ಆಗಿದೆ. ಪೆಟ್ಟಿಗೆಯಲ್ಲಿ ಇವೆರಡೂ ಇರಲಿಲ್ಲ.

ಹಾಕನ್ ಇರುವವರಿಗೆ ಇನ್ನೊಂದು ಮಾತು. ಈ ನಳಿಗೆಯ ತಳದಲ್ಲಿ ಮದ್ದು ಕೂರುವ ಕೊನೆಯ ಭಾಗ ಉಳಿದ ಒಳವ್ಯಾಸಕ್ಕಿಂತ ಕಿರಿದು. ಅರ್ಧ ಇಂಚಿನ ಜ್ಯಾಗ್ ಅಲ್ಲಿಗೆ ಇಳಿಯುವುದೇ ಇಲ್ಲ. ಬಟ್ಟೆ ಬಿಳಿಯಾಗಿ ಹೊರಬಂತೆಂದು ನಾನು ನೆಮ್ಮದಿಯಾಗಿದ್ದ ತಿಂಗಳುಗಳಲ್ಲಿ ಆ ಗೂಡಿನಲ್ಲಿ ಮಸಿ ಗಟ್ಟಿಯಾಗುತ್ತಿತ್ತು. ಕೇಪು ಸಿಡಿದರೂ ಮದ್ದು ಹತ್ತದೆ ಇದ್ದಾಗ ಗೊತ್ತಾಯಿತು. ಸಣ್ಣ ಕ್ಯಾಲಿಬರಿನ ಬ್ರಷ್ ಒಂದಕ್ಕೆ ಬಟ್ಟೆ ಸುತ್ತಿ ಅಲ್ಲಿ ತಿರುಗಿಸಿ ತೆಗೆಯಬೇಕು. ಬ್ರಷ್ ಅಲ್ಲಿ ಸಿಕ್ಕಿಕೊಂಡರೆ ಎಳೆಯಬೇಡಿ. ಮರೆ ಬಿಗಿಯಾಗುವ ದಿಕ್ಕಿಗೆ, ಅಂದರೆ ಬಲಕ್ಕೆ ತಿರುಗಿಸುತ್ತ ಮೇಲಕ್ಕೆ ತನ್ನಿ.

ಮದ್ದಿನ ಅಳತೆಪಾತ್ರೆ ಪೆಟ್ಟಿಗೆಯಿಂದ ಉಳಿದ ನಾಲ್ಕರಲ್ಲಿ ಒಂದು. ಹಿತ್ತಾಳೆಯ ಕೊಳವೆ, ಒಳಗೆ ಜಾರುವ ಕಡ್ಡಿ, ಮೇಲೆ ಪಕ್ಕಕ್ಕೆ ಸರಿಯುವ ಆಲಿಕೆ. ಕರಿಮದ್ದನ್ನು ಗಾತ್ರದಿಂದ ಅಳೆಯುತ್ತಾರೆ, ಗ್ರೇನ್ ಲೆಕ್ಕದಲ್ಲಿ. ನನ್ನ ಗುರಿಗೆ 60 ಸಾಕು, ತೂಕದಲ್ಲಿ ಸುಮಾರು 4 ಗ್ರಾಂ. ಹತ್ತು ಸಲ ತುಂಬಿ ತೂಗಿದೆ. ಒಂದಕ್ಕೊಂದು ಹತ್ತಿರವಿತ್ತು, ಅಷ್ಟು ಸಾಕು. ಮದ್ದಿನ ಡಬ್ಬಿಯಿಂದಾಗಲಿ ಮದ್ದು ಒಯ್ಯುವ ಬುರುಡೆಯಿಂದಾಗಲಿ ನೇರವಾಗಿ ನಳಿಗೆಗೆ ಸುರಿಯಬಾರದು. ಹಿಂದಿನ ಗುಂಡಿನ ಕೆಂಡ ಒಳಗೆ ಉಳಿದಿದ್ದರೆ ಕೈಯಲ್ಲಿರುವ ಮದ್ದೆಲ್ಲ ಹತ್ತಿಕೊಳ್ಳುತ್ತದೆ. ಅಳತೆಪಾತ್ರೆಯಿಂದ ಸುರಿದರೆ ಅಷ್ಟು ಮಾತ್ರ. ಪೆಟ್ಟಿಗೆಯ ಬುರುಡೆಯ ಮುಚ್ಚಳ ಸಡಿಲವಾಗಿ ಚೀಲದಲ್ಲೆಲ್ಲ ಮದ್ದು ಚೆಲ್ಲುತ್ತಿತ್ತು, ಅದನ್ನು ಅವತ್ತೇ ತೆಗೆದೆ. ಮನೆಯಲ್ಲೇ ಅಳೆದು ತುಂಬಿಕೊಂಡು ಹೋಗುವ ಪ್ಲಾಸ್ಟಿಕ್ ಕೊಳವೆಗಳು ಅದರ ಕೆಲಸವನ್ನೂ ಮಾಡುತ್ತಿವೆ. ಇನ್ನು ಹೊಗೆಯಿಲ್ಲದ ಆಧುನಿಕ ಮದ್ದನ್ನು ಈ ಕೋವಿಗೆ ಒಂದು ಚಿಟಿಕೆಯೂ ಹಾಕಬೇಡಿ. ನಳಿಗೆ ಒಡೆಯುತ್ತದೆ.

ಗುಂಡಿನ ಸುತ್ತ ಹಾಕುವ ಬಟ್ಟೆಯ ಬಗ್ಗೆ ಬೇಕಾದರೆ ರಾತ್ರಿಯಿಡೀ ಮಾತಾಡಬಲ್ಲೆ. ನಾನು ಬಳಸುವ ಸೀಸದ ಗುಂಡು 0.490 ಇಂಚು, ನಳಿಗೆ 0.500. ನಡುವಿನ ಎಡೆ ತುಂಬುವುದೂ, ಗೀರಿನ ತಿರುವನ್ನು ಗುಂಡಿಗೆ ದಾಟಿಸುವುದೂ ಬಟ್ಟೆಯೇ. ಪೆಟ್ಟಿಗೆಯ ಬಟ್ಟೆಗಳ ಮೇಲೆ 0.015 ಎಂದು ಬರೆದಿತ್ತು. ಅಳೆದಾಗ ಕೆಲವು 0.010ಕ್ಕೂ ಇಳಿದವು. ಹಾರಿಸಿದ ಮೇಲೆ ಮೈದಾನದಲ್ಲಿ ಹತ್ತು ಹದಿನೈದು ಹೆಜ್ಜೆ ಮುಂದೆ ಬಿದ್ದ ಬಟ್ಟೆಗಳನ್ನು ಆರಿಸಿ ನೋಡಿ, ಅವು ಎಲ್ಲವನ್ನೂ ಹೇಳುತ್ತವೆ. ನನ್ನವು ನಡುವೆ ಸುಟ್ಟು ತೂತಾಗಿದ್ದವು, ಕಾಗದದ ಮೇಲೆ ಗುಂಡುಗಳು ಮೊರದಗಲ ಹರಡಿದ್ದವು. ಹೊಲಿಗೆ ಸಾಮಾನಿನ ಅಂಗಡಿಗೆ ಹೋಗಿ, ದಿಂಬಿನ ಚೀಲ ಹೊಲಿಯುವ ಪಟ್ಟೆಯ ದಪ್ಪ ಹತ್ತಿ ಬಟ್ಟೆಯನ್ನು ಮೈಕ್ರೋಮೀಟರ್‌ನಿಂದ ಅಳೆದೆ. ಅಂಗಡಿಯ ಹೆಂಗಸು ಕುತೂಹಲದಿಂದ ಬಂದು ನೋಡಿ, ತಾನೇ ಇನ್ನೆರಡು ಥಾನು ಬಿಚ್ಚಿಕೊಟ್ಟಳು. 0.018ರದನ್ನು ಕೊಂಡು, ಗಂಜಿ ಹೋಗುವ ಹಾಗೆ ಒಗೆದು, ಒಣಗಿಸಿ, ಚೌಕವಾಗಿ ಕತ್ತರಿಸಿದೆ. ಕಾಗದದ ಮೇಲಿನ ತೂತುಗಳು ಒಂದು ತಟ್ಟೆಯೊಳಗೆ ಬಂದವು. ಬಟ್ಟೆ ಪೂರ್ತಿ ಹತ್ತಿಯದೇ ಇರಲಿ, ಪಾಲಿಯೆಸ್ಟರ್ ಬೆರೆತಿದ್ದರೆ ಕರಗಿ ನಳಿಗೆಗೆ ಅಂಟುತ್ತದೆ.

ಬಟ್ಟೆಗೆ ಸವರಲು ಪೆಟ್ಟಿಗೆಯಲ್ಲಿದ್ದದ್ದು ಪೆಟ್ರೋಲಿಯಂ ವಾಸನೆಯ ಗ್ರೀಸ್. ಕರಿಮದ್ದಿನ ಮಸಿಯ ಜೊತೆ ಸೇರಿ ಅದು ಡಾಂಬರಿನ ಹಾಗಾಯಿತು. ಅಜ್ಜನ ನೆನಪಿನಲ್ಲಿ ತೆಂಗಿನೆಣ್ಣೆ ಹಚ್ಚಿದೆ, ಜುಲೈನಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡಿತು. ಅಕ್ಟೋಬರ್ ಬಂದಾಗ ಸೀಸೆಯೊಳಗೆ ಹೆಪ್ಪುಗಟ್ಟಿತು. 24 ಡಿಗ್ರಿಯ ಕೆಳಗೆ ಅದು ಹಾಗೆಯೇ. ಈಗ ಆಲಿವ್ ಎಣ್ಣೆಗೆ ತುಸು ಜೇನುಮೇಣ ಕರಗಿಸಿ ಸೇರಿಸುತ್ತೇನೆ.

ಗುಂಡನ್ನು ನಳಿಗೆಯ ಬಾಯೊಳಗೆ ಮೊದಲ ಕೆಲವು ಇಂಚು ಇಳಿಸುವ ಮರದ ಗುಬುಟಿನ ಗಿಡ್ಡ ಕೋಲು, ಕೇಪುಗಳನ್ನು ಸಾಲಾಗಿ ಹಿಡಿದು ಒಂದೊಂದೇ ಕೊಡುವ ಹಿತ್ತಾಳೆ ಪಟ್ಟಿ, ಇವೆರಡರಲ್ಲಿ ದೂರುವಂಥದ್ದು ಏನೂ ಇಲ್ಲ. ನಿಪ್ಪಲ್ ತೂತು ಚುಚ್ಚುವ ತಂತಿ ಮೊದಲ ದಿನವೇ ಬಾಗಿತು, ಬೇರೆ ತಂತಿ ಇಟ್ಟುಕೊಂಡೆ.

ನಿಪ್ಪಲ್ ಬಿಚ್ಚುವ ಕೀಲಿಯೂ ಮೆದು ಲೋಹದ್ದು, ಎರಡೇ ತಿಂಗಳಲ್ಲಿ ಮೂಲೆಗಳು ಸವೆದವು. ಅದಕ್ಕಿಂತ ಗಂಭೀರವಾದದ್ದು ಬದಲಿ ನಿಪ್ಪಲ್‌ನದು. ಒಂದು ಅಂಗಡಿಯಲ್ಲಿ ಎಲ್ಲ ಹಾಕನ್‌ಗಳಿಗೂ ಇದೇ ಆಗುತ್ತದೆ ಎಂದು ಹೇಳಿ ಕೊಟ್ಟರು. ಮನೆಗೆ ತಂದು ಅಳೆದರೆ 6 ಮಿಲಿಮೀಟರ್. ನನ್ನದಕ್ಕೆ ಬೇಕಾದದ್ದು ಕಾಲು ಇಂಚು, 6.35 ಮಿಲಿಮೀಟರ್. ಹಾಕನ್ ಎಂಬ ಹೆಸರಿನಲ್ಲಿ ಬೇರೆ ಬೇರೆ ತಯಾರಕರ ಕೋವಿಗಳಿವೆ, ಯುರೋಪಿನಲ್ಲಿ ತಯಾರಾದವಕ್ಕೆ ಮಿಲಿಮೀಟರ್ ಮರೆಯೇ ಹೆಚ್ಚು. 6 ಮಿಲಿಮೀಟರಿನದು ಕಾಲು ಇಂಚಿನ ತೂತಿನಲ್ಲಿ ಲೊಡಲೊಡ ಅನ್ನುತ್ತ ಕೂರುತ್ತದೆ. ಕೇಪು ಸಿಡಿದಾಗ ಅದು ಹಾರಿ ಬರುವ ದಿಕ್ಕಿನಲ್ಲೇ ನಮ್ಮ ಮುಖ ಇರುತ್ತದೆ. ವರ್ನಿಯರ್ ಇಲ್ಲದವರು ಹಳೆಯ ನಿಪ್ಪಲ್ ಬಿಚ್ಚಿ ಒಯ್ದು ಮರೆಗೆ ಮರೆ ಹೊಂದಿಸಿ ನೋಡಿಯೇ ಕೊಳ್ಳಿ.

ತೊಳೆಯುವುದಕ್ಕೆ ಮಾರುವ ಬಣ್ಣಬಣ್ಣದ ಸೀಸೆಗಳಿಗೆ ಹಣ ಸುರಿಯಬೇಕಾಗಿಲ್ಲ. ಕರಿಮದ್ದು ಉರಿದ ಮೇಲೆ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಘನವಾಗಿಯೇ ಉಳಿಯುತ್ತದೆ, ಬಹುಪಾಲು ಪೊಟ್ಯಾಸಿಯಮ್ ಲವಣಗಳು. ಅವು ಗಾಳಿಯ ತೇವ ಹೀರಿ ಕಬ್ಬಿಣ ತಿನ್ನುತ್ತವೆ, ಆದರೆ ನೀರಿನಲ್ಲಿ ಕರಗುತ್ತವೆ. ಹಾಕನ್‌ನ ಬೆಣೆ ತೆಗೆದರೆ ನಳಿಗೆ ಮರದಿಂದ ಬೇರೆಯಾಗುತ್ತದೆ. ನಿಪ್ಪಲ್ ಬಿಚ್ಚಿ, ತಳವನ್ನು ಬಕೆಟ್‌ನಲ್ಲಿಟ್ಟು, ಒಂದು ಹನಿ ಪಾತ್ರೆ ಸೋಪು ಬೆರೆಸಿದ ಉಗುರುಬೆಚ್ಚನೆಯ ನೀರನ್ನು ಗಜದಿಂದ ಪಂಪ್ ಹೊಡೆದ ಹಾಗೆ ಮೇಲೆಳೆದು ಕೆಳಗೆ ಬಿಟ್ಟರೆ ಕಪ್ಪೆಲ್ಲ ಹೊರಗೆ ಬರುತ್ತದೆ. ಕುದಿಯುವ ನೀರು ಹಾಕಿದಾಗ ನನ್ನ ನಳಿಗೆಯಲ್ಲಿ ಒಣಗುವಷ್ಟರಲ್ಲೇ ತೆಳು ತುಕ್ಕು ಕಾಣಿಸಿತು, ಅಂದಿನಿಂದ ಬೆಚ್ಚಗಿನದೇ. ಒಣ ಬಟ್ಟೆ ಒಣದಾಗಿಯೇ ಹೊರಬರುವವರೆಗೆ ಒರೆಸಿ, ಬ್ಯಾಲಿಸ್ಟಾಲ್ ಸವರುತ್ತೇನೆ. ಜರ್ಮನಿಯ ಹಳೆಯ ಎಣ್ಣೆ, ನೀರಿನೊಡನೆಯೂ ಬೆರೆಯುತ್ತದೆ, ಮರಕ್ಕೂ ತೊಂದರೆಯಿಲ್ಲ. ಕೊಳ್ಳಲು ಯೋಗ್ಯವಾದ ಸೀಸೆ ಅದೊಂದು. ಅವತ್ತು ಹಾರಿಸಿದ್ದನ್ನು ಅವತ್ತೇ ತೊಳೆಯಬೇಕು, ಭಾನುವಾರಕ್ಕೆ ಬಿಟ್ಟವರ ನಳಿಗೆಗಳನ್ನು ನೋಡಿದ್ದೇನೆ.

ಕೋವಿಯ ಜೊತೆ ಬಂದ ಮರದ ಗಜವನ್ನು ಬಿಟ್ಟುಬಿಡಲಿಲ್ಲ. ಅದರ ಟೊಪ್ಪಿಗೂ ಅಂಟೇ ಇತ್ತು. ಟೊಪ್ಪಿ, ಮರ ಎರಡನ್ನೂ ದಾಟುವ ಹಾಗೆ ಒಂದೂವರೆ ಮಿಲಿಮೀಟರಿನ ತೂತು ಕೊರೆದು, ಹಿತ್ತಾಳೆಯ ಕಡ್ಡಿ ಹಾಕಿ, ಎರಡು ಕಡೆಯೂ ಅರದಿಂದ ನಯ ಮಾಡಿದೆ. ಎರಡು ಗಜಗಳ ಮೇಲೂ ಎರಡೆರಡು ಗೆರೆ ಹಾಕಿದ್ದೇನೆ. ನಳಿಗೆ ಖಾಲಿಯಿದ್ದಾಗ ಬಾಯಿಗೆ ಸರಿಯಾಗಿ ನಿಲ್ಲುವ ಗೆರೆ ಒಂದು, 60 ಗ್ರೇನ್ ಮದ್ದಿನ ಮೇಲೆ ಗುಂಡು ಕೂತಾಗಿನದು ಇನ್ನೊಂದು. ಗುಂಡು ಮದ್ದಿಗೆ ತಾಗದೆ ನಡುವೆ ನಿಂತರೆ ನಳಿಗೆಗೆ ಅಪಾಯ, ಎರಡನೆಯ ಗೆರೆ ಅದನ್ನು ತಿಳಿಸುತ್ತದೆ. ಮೊದಲ ಗೆರೆಯನ್ನು ನೋಡುವಾಗಲೂ ನಾನು ಗಜವನ್ನು ಮೆಲ್ಲಗೆ ಬಿಟ್ಟು ಸದ್ದು ಕೇಳುತ್ತೇನೆ.

ಊರಿನಲ್ಲಿರುವ ತಮ್ಮ ಇದನ್ನೆಲ್ಲ ಕೇಳಿ, ಅಜ್ಜನ ಕೋವಿಗೂ ಒಂದು ಜ್ಯಾಗ್ ಬೇಕು ಎಂದಿದ್ದಾನೆ. ಅದರ ಒಳವ್ಯಾಸ ಯಾರೂ ಅಳೆದದ್ದಿಲ್ಲ. ಗಜ ಬಿಟ್ಟು ಖಾಲಿಯೆಂದು ನೋಡಿಕೊಂಡ ಮೇಲೆ, ಗಟ್ಟಿ ಕಾಗದವನ್ನು ಶಂಕುವಿನ ಹಾಗೆ ಸುತ್ತಿ ನಳಿಗೆಯ ಬಾಯಿಗೆ ತೂರಿಸಿ, ಅಂಚು ತಾಗುವಲ್ಲಿ ಪೆನ್ಸಿಲ್‌ನಿಂದ ಸುತ್ತ ಗೆರೆ ಎಳೆದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ಕಳಿಸು ಎಂದು ಹೇಳಿದ್ದೇನೆ. ಫೋಟೊ ಇನ್ನೂ ಬಂದಿಲ್ಲ.